ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಬೇಸಿಕ್ ಅರಿತ್ಮೆಟಿಕ್: ಅರ್ಜಿಯಿಂದ ಫೈನಲ್ ಪರೀಕ್ಷೆವರೆಗೆ

ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತು ವರ್ಷ ಆದಮೇಲೆ ಯಾರಾದರೂ 5¼ರಲ್ಲಿ 2⅔ ಕಳೆಯಿರಿ ಅಂದರೆ ಪೆನ್ನು ನಿಂತುಬಿಡುತ್ತದೆ. ನನಗೂ ಹಾಗೇ ಆಯಿತು. ಗಂಡನ ಕೆಲಸಕ್ಕಾಗಿ ಟೆಕ್ಸಾಸ್‌ಗೆ ಬಂದು, ಮಗ ಸ್ಕೂಲಿಗೆ ಹೋಗೋಕೆ ಶುರು ಮಾಡಿದ ಮೇಲೆ, ಫಾರ್ಮಸಿ ಟೆಕ್ನಿಷಿಯನ್ ಕೋರ್ಸ್ ಮಾಡೋಣ ಅಂದುಕೊಂಡೆ. ಪಿಯುಸಿಯಲ್ಲಿ ಆರ್ಟ್ಸ್ ತೆಗೆದುಕೊಂಡವಳು ನಾನು. ಔಷಧದ ಪ್ರಮಾಣ ಲೆಕ್ಕ ಹಾಕೋಕೆ ಭಿನ್ನರಾಶಿ, ದಶಮಾಂಶ, ಅನುಪಾತ ಬೇಕೇ ಬೇಕು. ಆಗ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅರಿತ್ಮೆಟಿಕ್‌ನಿಂದಲೇ ಶುರು ಮಾಡಿದೆ.

ನರ್ಸಿಂಗ್ ಅಸಿಸ್ಟೆಂಟ್, ಬುಕ್‌ಕೀಪಿಂಗ್, ಡೆಂಟಲ್ ಅಸಿಸ್ಟೆಂಟ್ ಅಂತ ಯಾವುದೋ ಒಂದು ದಾರಿ ಹಿಡಿಯಬೇಕು ಅಂತಿರುವ ನಮ್ಮವರು ತುಂಬ ಜನ ಇದ್ದಾರೆ. ಅವರಲ್ಲಿ ಅನೇಕರು ಗಣಿತದ ಹೆಸರು ಕೇಳಿದ ತಕ್ಷಣ ಹಿಂದೆ ಸರಿಯುತ್ತಾರೆ. ಇಲ್ಲವಾದರೆ "ಇಷ್ಟು ಓದಿ ಭಿನ್ನರಾಶಿ ಕ್ಲಾಸಿಗೆ ಹೋಗೋದಾ?" ಅಂತ ಮೇಲಿನ ಕೋರ್ಸಿಗೆ ಸೇರಿ ಅರ್ಧದಲ್ಲಿ ಬಿಡುತ್ತಾರೆ. ಕಾಲು ಜಾರಿದ್ದು ಎಲ್ಲಿ ಅಂತ ನೋಡಿ, ಅದೇ ಮೆಟ್ಟಿಲಿನಿಂದ ಹತ್ತಿ ಅನ್ನೋದೇ ನನ್ನ ಮಾತು.

ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಲಿನಾಯ್ಸ್‌ನ ಜೋಲಿಯೆಟ್ ಜೂನಿಯರ್ ಕಾಲೇಜು, 1901ರದ್ದು. ಬಹುತೇಕ ಎಲ್ಲ ಕಡೆ ಪ್ರವೇಶ ಮುಕ್ತ. ಕಟ್ ಆಫ್ ಇಲ್ಲ, ಡೊನೇಷನ್ ಇಲ್ಲ, ವಯಸ್ಸಿನ ಮೇಲ್ಮಿತಿ ಇಲ್ಲ.

ಹೆಜ್ಜೆ 1: ಮೊದಲು ವೀಸಾ ನೋಡಿಕೊಳ್ಳಿ

ಎಚ್-4ನಲ್ಲಿ ಇರುವವರು, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ, ಬೇರೆ ಸ್ಟೂಡೆಂಟ್ ವೀಸಾ ಇಲ್ಲದೆಯೇ ಓದಬಹುದು. ಫುಲ್ ಟೈಮ್ ಆದರೂ ಸರಿ, ಪಾರ್ಟ್ ಟೈಮ್ ಆದರೂ ಸರಿ. ಎಚ್-1ಬಿಯವರೂ ತಮ್ಮ ಕೆಲಸ ಬಿಡದೆ ಜೊತೆಗೆ ಕ್ಲಾಸಿಗೆ ಹೋಗಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಎಫ್-2ನಲ್ಲಿ ಇರುವವರು, ಅಂದರೆ ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿ, ಪಾರ್ಟ್ ಟೈಮ್ ಮಾತ್ರ ಓದಬಹುದು. ಕಾಲೇಜಿಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯೂ ಇರಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆರು ತಿಂಗಳು ಮಕ್ಕಳ ಮನೆಯಲ್ಲಿ ಇದ್ದು ಹೋಗೋಕೆ ಬಂದ ಅಪ್ಪ ಅಮ್ಮನನ್ನು "ಸುಮ್ನೆ ಮನೇಲಿ ಕೂತು ಬೇಜಾರು" ಅಂತ ಕಾಲೇಜಿಗೆ ಸೇರಿಸಬೇಡಿ. ಅವರದು ಬಿ-2 ವೀಸಾ. ಅದರಲ್ಲಿ ಕೋರ್ಸಿಗೆ ಸೇರುವಂತಿಲ್ಲ.

ಹೆಜ್ಜೆ 2: ಯಾವ ಬಾಗಿಲಿನಿಂದ ಒಳಗೆ ಹೋಗಬೇಕು?

ಮೊದಲೆಲ್ಲ ಬಹಳ ಕಾಲೇಜುಗಳಲ್ಲಿ ಅರಿತ್ಮೆಟಿಕ್, ಪ್ರಿ-ಆಲ್ಜೀಬ್ರಾ, ಎಲಿಮೆಂಟರಿ ಆಲ್ಜೀಬ್ರಾ ಅಂತ ಉದ್ದ ಏಣಿ ಇತ್ತು. ಏಣಿ ಹತ್ತುತ್ತ ಹತ್ತುತ್ತ ತುಂಬ ಜನ ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ ಅಂತ ಈಗ ಅನೇಕ ರಾಜ್ಯಗಳು ಅದನ್ನು ಕತ್ತರಿಸಿವೆ. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಹಿಯಾದ ಎಬಿ 705, ಆಮೇಲೆ 2022ರ ಎಬಿ 1705 ಕಾನೂನುಗಳಿಂದಾಗಿ ಡಿಗ್ರಿಗೆ ಹೋಗುವವರನ್ನು ಹೆಚ್ಚು ಕಡಿಮೆ ನೇರವಾಗಿ ಕಾಲೇಜು ಮಟ್ಟದ ಗಣಿತಕ್ಕೇ ಕೂರಿಸುತ್ತಾರೆ. ಟೆಕ್ಸಾಸ್‌ನಲ್ಲೂ 2017ರ ಕಾನೂನು ಬಂದಮೇಲೆ ಕಾಲೇಜು ಗಣಿತದ ಜೊತೆಜೊತೆಗೇ ಸಹಾಯದ ಕ್ಲಾಸು ನಡೆಸುತ್ತಾರೆ. ಇದಕ್ಕೆ ಕೋ-ರಿಕ್ವಿಸಿಟ್ ಅಂತ ಹೆಸರು.

ಹಾಗಾಗಿ ಕಾಲೇಜಿನ ಪಟ್ಟಿಯಲ್ಲಿ ಅರಿತ್ಮೆಟಿಕ್ ಅಂತ ಹುಡುಕಿ ಸಿಗಲಿಲ್ಲ ಅಂದರೆ ಪಾಠವೇ ಇಲ್ಲ ಅಂತಲ್ಲ. ಅದು ಬೇರೆ ಹೆಸರಲ್ಲಿ ಇರುತ್ತದೆ. ಡೆವಲಪ್‌ಮೆಂಟಲ್ ಮ್ಯಾತ್, ಫೌಂಡೇಷನ್ಸ್ ಆಫ್ ಮ್ಯಾತ್, ನಾನ್-ಕ್ರೆಡಿಟ್ (ಕ್ರೆಡಿಟ್, ಅಂದರೆ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಎಣಿಕೆ, ಇಲ್ಲದ ಕ್ಲಾಸು), ಕಂಟಿನ್ಯೂಯಿಂಗ್ ಎಜುಕೇಷನ್, ಅಡಲ್ಟ್ ಬೇಸಿಕ್ ಎಜುಕೇಷನ್ ಅಂತ ಹುಡುಕಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ನಾನ್-ಕ್ರೆಡಿಟ್ ಕ್ಲಾಸಿಗೆ ಪ್ರವೇಶ ಶುಲ್ಕ ಇಲ್ಲ. ಬೇರೆ ಕಡೆಯೂ ಅಡಲ್ಟ್ ಬೇಸಿಕ್ ಎಜುಕೇಷನ್ ಸಾಮಾನ್ಯವಾಗಿ ಉಚಿತ, ಇಲ್ಲವೇ ತುಂಬ ಕಡಿಮೆ ಖರ್ಚಿನದು.

ನಿಮಗೆ ಮಗ್ಗಿ, ಭಾಗಾಕಾರವೇ ಮರೆತಿದ್ದರೆ ಹಾಗೂ ಯಾವ ಕೋರ್ಸ್ ಮುಂದೆ ಮಾಡಬೇಕು ಅಂತ ಇನ್ನೂ ಗೊತ್ತಿಲ್ಲದಿದ್ದರೆ ನಾನ್-ಕ್ರೆಡಿಟ್‌ಗೆ ಹೋಗಿ. ಗ್ರೇಡಿನ ಭಯ ಇಲ್ಲ. ಮುಂದಿನ ಕೋರ್ಸ್ ಯಾವುದು ಅಂತ ಗೊತ್ತಿದ್ದು, ಅದಕ್ಕೆ ಗಣಿತದ ಅರ್ಹತೆ ಬೇಕು ಅಂತಿದ್ದರೆ, ಮೊದಲು ಆ ವಿಭಾಗದ ಕೌನ್ಸೆಲರ್ ಹತ್ತಿರ ಮಾತಾಡಿ. "ಈ ಪ್ರೋಗ್ರಾಂಗೆ ಯಾವ ಮ್ಯಾತ್ ಕೋರ್ಸ್ ಒಪ್ಪುತ್ತೀರಿ?" ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಡೆವಲಪ್‌ಮೆಂಟಲ್ ಕೋರ್ಸಿನ ಕ್ರೆಡಿಟ್ ಡಿಗ್ರಿಗೆ ಲೆಕ್ಕಕ್ಕೆ ಬರುವುದಿಲ್ಲ ಅನ್ನೋದೂ ಗೊತ್ತಿರಲಿ.

ಹೆಜ್ಜೆ 3: ಅರ್ಜಿ, ಹೆಸರು, ಶುಲ್ಕ

ಅರ್ಜಿ ಆನ್‌ಲೈನ್. ಕ್ಯಾಲಿಫೋರ್ನಿಯಾದಲ್ಲಿ ಸಿಸಿಸಿ ಅಪ್ಲೈ, ಟೆಕ್ಸಾಸ್‌ನಲ್ಲಿ ಅಪ್ಲೈ ಟೆಕ್ಸಾಸ್ ಅಥವಾ ಕಾಲೇಜಿನದೇ ಪೋರ್ಟಲ್. ನಮ್ಮವರಿಗೆ ತೊಂದರೆ ಕೊಡುವುದು ಹೆಸರಿನ ಕಾಲಂ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುತ್ತದೆ, ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಅಂತ ಬಂದಿರುತ್ತದೆ. ವೀಸಾದಲ್ಲಿ ಹೇಗಿದೆಯೋ ಅರ್ಜಿಯಲ್ಲೂ ಹಾಗೇ ಬರೆಯಿರಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಹಾಕಿದರೆ ಆಮೇಲೆ ದಾಖಲೆ ಹೊಂದಿಸೋಕೆ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟವರೂ ಹಿಂಜರಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬಿದವರನ್ನು ಹೈಸ್ಕೂಲ್ ಸರ್ಟಿಫಿಕೇಟ್ ಇಲ್ಲದಿದ್ದರೂ ಸೇರಿಸಿಕೊಳ್ಳುತ್ತಾರೆ.

ಶುಲ್ಕ ನಿಂತಿರುವುದು ನೀವು ಆ ರಾಜ್ಯದ ನಿವಾಸಿಯೋ ಅಲ್ಲವೋ ಅನ್ನುವುದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ ಕ್ರೆಡಿಟ್ ಅನ್ನುವುದಕ್ಕೇ ಯೂನಿಟ್ ಅಂತಾರೆ. ಅಲ್ಲಿನ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್. 3 ಯೂನಿಟ್ ಕೋರ್ಸಿಗೆ 138 ಡಾಲರ್. ಇದರ ಮೇಲೆ ಹೆಲ್ತ್ ಫೀ ಮುಂತಾದ ಚಿಲ್ಲರೆ ಶುಲ್ಕ ಸೇರುತ್ತದೆ. ಕ್ಯುಪರ್ಟಿನೋದ ಡಿ ಆಂಝಾದಂಥ ಕ್ವಾರ್ಟರ್ ಪದ್ಧತಿಯ (ವರ್ಷವನ್ನು ಸೆಮಿಸ್ಟರಿಗಿಂತ ಚಿಕ್ಕ ಅವಧಿಗಳಾಗಿ ಹಂಚಿದ) ಕಾಲೇಜಿನಲ್ಲಿ ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್. ನಿವಾಸಿ ಅಲ್ಲದಿದ್ದರೆ ಪ್ರತಿ ಯೂನಿಟ್‌ಗೂ ನೂರಾರು ಡಾಲರ್ ಜಾಸ್ತಿ. ಟೆಕ್ಸಾಸ್‌ನಲ್ಲಿ ಮೂರು ದರ: ಕಾಲೇಜಿನ ಡಿಸ್ಟ್ರಿಕ್ಟ್ ಒಳಗಿನವರಿಗೆ ಒಂದು, ಅದೇ ರಾಜ್ಯದ ಬೇರೆ ಡಿಸ್ಟ್ರಿಕ್ಟ್‌ನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು. ಎರಡೂ ರಾಜ್ಯಗಳಲ್ಲಿ ಕನಿಷ್ಠ ಒಂದು ವರ್ಷ ವಾಸ ಇದ್ದಿರಬೇಕು. ಎಚ್-4ನವರೂ ನಿವಾಸಿ ಅಂತ ತೋರಿಸಿಕೊಳ್ಳಬಹುದು.

ನನ್ನ ಮೊದಲ ಬಿಲ್ ಹೊರರಾಜ್ಯದ ದರದಲ್ಲಿ ಬಂತು. ಮನೆ ಬಾಡಿಗೆ ಕರಾರಿನಲ್ಲಿ ಗಂಡನ ಹೆಸರು ಮಾತ್ರ ಇತ್ತು, ನನ್ನ ಹೆಸರು ಇರಲಿಲ್ಲ. ಡ್ರೈವಿಂಗ್ ಲೈಸೆನ್ಸ್, ಜಂಟಿ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಮದುವೆ ಸರ್ಟಿಫಿಕೇಟ್, ಜಂಟಿ ಟ್ಯಾಕ್ಸ್ ರಿಟರ್ನ್ ಎಲ್ಲ ಕೊಟ್ಟ ಮೇಲೆ ಸರಿಯಾಯಿತು. ಆದರೆ ಅಷ್ಟರಲ್ಲಿ ಹಣ ಕಟ್ಟುವ ಕೊನೆ ದಿನ ಬಂದು, ನನ್ನ ಸೀಟು ಹೋಗುವುದರಲ್ಲಿತ್ತು. ಆದ್ದರಿಂದ ಕರೆಂಟ್ ಬಿಲ್ಲಿನಲ್ಲಾದರೂ ಈಗಲೇ ನಿಮ್ಮ ಹೆಸರು ಸೇರಿಸಿಡಿ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇದ್ದವರು ಕೇಂದ್ರದ ಧನಸಹಾಯಕ್ಕೆ ಹಾಕುವ ಫಾಫ್ಸಾ ಅರ್ಜಿ ತುಂಬಿ. ಎಚ್-4ನವರಿಗೆ ಕೇಂದ್ರದ ಧನಸಹಾಯ ಸಿಗುವುದಿಲ್ಲ, ಆದರೆ ಕಂತಿನಲ್ಲಿ ಕಟ್ಟುವ ಸೌಲಭ್ಯ ಬಹಳ ಕಾಲೇಜುಗಳಲ್ಲಿ ಇದೆ.

ಹೆಜ್ಜೆ 4: ಪ್ಲೇಸ್‌ಮೆಂಟ್ ಪರೀಕ್ಷೆ

ಇದು ಪಾಸು ಫೇಲಿನ ಪರೀಕ್ಷೆ ಅಲ್ಲ. ನಿಮ್ಮನ್ನು ಯಾವ ಕ್ಲಾಸಿನಲ್ಲಿ ಕೂರಿಸಬೇಕು ಅಂತ ನೋಡೋಕೆ ಮಾತ್ರ. ಅಕ್ಯುಪ್ಲೇಸರ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದ್ದ ಕಡೆ ಅರಿತ್ಮೆಟಿಕ್ ಭಾಗದಲ್ಲಿ 20 ಪ್ರಶ್ನೆ. ಪೂರ್ಣಸಂಖ್ಯೆ, ಭಿನ್ನರಾಶಿ, ದಶಮಾಂಶ, ಶೇಕಡಾ, ಸಂಖ್ಯೆಗಳ ಹೋಲಿಕೆ. ಸಮಯದ ಮಿತಿ ಇಲ್ಲ. ಅಂಕ 200ರಿಂದ 300ರವರೆಗೆ. ನೀವು ಕೊಟ್ಟ ಉತ್ತರ ನೋಡಿ ಮುಂದಿನ ಪ್ರಶ್ನೆ ಬರುತ್ತದೆ, ಹಾಗಾಗಿ ಹಿಂದಿನದಕ್ಕೆ ಮರಳಿ ಹೋಗುವಂತಿಲ್ಲ. ಅವಸರ ಮಾಡದೆ ರಫ್ ಕಾಗದದಲ್ಲಿ ಬಿಡಿಸಿ, ಒಮ್ಮೆ ತಾಳೆ ನೋಡಿ, ಆಮೇಲೆ ಒತ್ತಿ. ಟೆಕ್ಸಾಸ್‌ನಲ್ಲಿ ಟಿಎಸ್‌ಐಎ2 ಅನ್ನುವ ಪರೀಕ್ಷೆ ಇರುತ್ತದೆ. ಕೆಲವು ಕಾಲೇಜುಗಳಲ್ಲಿ ಅಲೆಕ್ಸ್. ಅದರಲ್ಲಿ ಹೆಚ್ಚೆಂದರೆ 30 ಪ್ರಶ್ನೆ, ಫಲಿತಾಂಶ 0ಯಿಂದ 100.

ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯೋಕೆ ಬಿಟ್ಟರೆ ಗಂಡನನ್ನೋ ಮಕ್ಕಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ. ಹೇಳಿಸಿಕೊಂಡು ಬರೆದ ಅಂಕ ನಿಮ್ಮನ್ನು ನಿಮಗೆ ಅರ್ಥವಾಗದ ಕ್ಲಾಸಿನಲ್ಲಿ ಕೂರಿಸುತ್ತದೆ. ಅಲ್ಲಿ ನಿಮ್ಮ ಪಕ್ಕ ಯಾರೂ ಇರುವುದಿಲ್ಲ, ಅಲ್ವಾ?

ಎರಡು ವಾರ ಮೊದಲು ಅಭ್ಯಾಸ ಮಾಡಿ. ಖಾನ್ ಅಕಾಡೆಮಿಯಲ್ಲಿ ಕನ್ನಡದಲ್ಲೂ ಗಣಿತ ಪಾಠಗಳಿವೆ. ಓಪನ್‌ಸ್ಟ್ಯಾಕ್ಸ್ ಜಾಲತಾಣದಲ್ಲಿ ಪ್ರಿ-ಆಲ್ಜೀಬ್ರಾ ಪುಸ್ತಕ ಉಚಿತವಾಗಿ ಸಿಗುತ್ತದೆ. ಅದರ ಮೊದಲ ಅಧ್ಯಾಯಗಳು ಸಾಕು.

ಹೆಜ್ಜೆ 5: ಕ್ಲಾಸ್ ಆರಿಸುವುದು

ಒಂದೇ ಕೋರ್ಸ್ ಬೆಳಿಗ್ಗೆ, ಸಂಜೆ, ಆನ್‌ಲೈನ್ ಅಂತ ಬೇರೆ ಬೇರೆ ಹೊತ್ತಿಗೆ ಇರುತ್ತದೆ. ಬಹಳ ವರ್ಷ ಬಿಟ್ಟು ಗಣಿತಕ್ಕೆ ಮರಳುವವರು ಎದುರಿಗೆ ಕೂತು ಕಲಿಯುವ ಕ್ಲಾಸನ್ನೇ ಆರಿಸಿ. 16 ವಾರದ್ದು ಒಳ್ಳೆಯದು. ಬೇಗ ಮುಗಿಯುತ್ತದೆ ಅಂತ 8 ವಾರದ್ದು ಹಿಡಿದರೆ ಭಿನ್ನರಾಶಿ ಅರ್ಥವಾಗುವ ಮೊದಲೇ ಶೇಕಡಾ ಬಂದುಬಿಡುತ್ತದೆ. ಪುಸ್ತಕ ಕೊಳ್ಳುವ ಮುಂಚೆ ಸಿಲಬಸ್ ನೋಡಿ. ಹೋಂವರ್ಕಿಗೆ ಆನ್‌ಲೈನ್ ಕೋಡ್ ಬೇಕಾಗುವ ಕ್ಲಾಸಿಗೆ ಹಳೆಯ ಪುಸ್ತಕ ಕೊಂಡು ಪ್ರಯೋಜನ ಇಲ್ಲ, ಕೋಡನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಹೆಜ್ಜೆ 6: ಲೆಕ್ಕದ ಇಂಗ್ಲಿಷನ್ನು ಹೊಸದಾಗಿ ಕಲಿಯಿರಿ

ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಎರಡನೇ ವಾರ ಟೀಚರ್ ಬೋರ್ಡಿನ ಮುಂದೆ ನಿಂತು "ಹೌ ಮೆನಿ ಟೈಮ್ಸ್ ಡಸ್ 6 ಗೋ ಇಂಟು 42?" ಅಂತ ಕೇಳಿದರು. ನಾನು 252 ಅಂತ ಬರೆದೆ. ನಮ್ಮ ಶಾಲೆಯಲ್ಲಿ ಇಂಟು ಅಂದರೆ ಗುಣಾಕಾರ. ಆರು ಇಂಟು ನಲವತ್ತೆರಡು, 252. ಇಲ್ಲಿ 'ಗೋಸ್ ಇಂಟು' ಅಂದರೆ ಭಾಗಾಕಾರ. ನಲವತ್ತೆರಡರಲ್ಲಿ ಆರು ಎಷ್ಟು ಸಲ ಹೋಗುತ್ತದೆ ಅಂತ. ಉತ್ತರ 7. ನನ್ನ ಗುಣಾಕಾರದಲ್ಲಿ ತಪ್ಪಿರಲಿಲ್ಲ, ಪದದ ಅರ್ಥ ಬೇರೆಯಾಗಿತ್ತು ಅಷ್ಟೇ. ಅವತ್ತೇ ಒಂದು ಸಣ್ಣ ನೋಟ್‌ಬುಕ್ ಶುರು ಮಾಡಿದೆ. ಅದರಲ್ಲಿ ಬರೆದುಕೊಂಡದ್ದು ಇವು.

ಗುಣಾಕಾರಕ್ಕೆ ಇಲ್ಲಿ 'ಟೈಮ್ಸ್' ಅನ್ನಿ. ಭಿನ್ನರಾಶಿಗೆ ನಾವು 'ತ್ರೀ ಬೈ ಫೋರ್' ಅನ್ನುತ್ತೇವೆ, ಇವರು 'ತ್ರೀ ಓವರ್ ಫೋರ್' ಅಥವಾ 'ತ್ರೀ ಫೋರ್ತ್ಸ್' ಅನ್ನುತ್ತಾರೆ. 'ತ್ರೀ ಬೈ ಫೋರ್' ಅಂದರೆ ಇವರಿಗೆ ಮೂರಡಿ ಅಗಲ ನಾಲ್ಕಡಿ ಉದ್ದದ ಚಾಪೆ ನೆನಪಾಗುತ್ತದೆ. ಬ್ರ್ಯಾಕೆಟ್‌ಗೆ 'ಪರೆಂಥಿಸೀಸ್'.

ಕಿವಿಗೆ ಬಿದ್ದ ಭಿನ್ನರಾಶಿಯನ್ನು ಬರೆಯುವಾಗಲೂ ಎಚ್ಚರ. ಕನ್ನಡದಲ್ಲಿ 'ಮೂರನೇ ಎರಡು' ಅಂತ ಛೇದ ಮೊದಲು ಬರುತ್ತದೆ. ಇಂಗ್ಲಿಷಿನಲ್ಲಿ 'ಟು ಥರ್ಡ್ಸ್', ಅಂಶ ಮೊದಲು. ಬೇಗ ಬೇಗ ಬರೆದುಕೊಳ್ಳುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗಿಬಿಡುತ್ತದೆ.

ಇನ್ನು ಕನ್ನಡವೇ ಕೈಹಿಡಿಯುವ ಜಾಗವೂ ಇದೆ. '5 ಲೆಸ್ ದ್ಯಾನ್ 12' ಅಂತ ಬಂದರೆ ಇಂಗ್ಲಿಷಿನ ಸಾಲಿನಂತೆ 5 − 12 ಅಂತ ಬರೆಯುವವರು ಬಹಳ. ನೀವು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ. "ಹನ್ನೆರಡಕ್ಕಿಂತ ಐದು ಕಡಿಮೆ." ಸಾಲು ಇರುವ ಹಾಗೇ ಬರೆಯಿರಿ, 12 − 5. ಸರಿಯಾಗಿ ಕೂತಿತು ನೋಡಿ. ಮಾತಿನ ಲೆಕ್ಕ ಬಂದಾಗಲೆಲ್ಲ ನಾನು ಪಕ್ಕದಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳುತ್ತಿದ್ದೆ.

ಬರೆಯುವ ರೀತಿಯೂ ಬೇರೆ. ನಾವು ಭಾಗಲಬ್ಧವನ್ನು ಬಲಗಡೆ ಬರೆದು ಕಲಿತವರು. ಇಲ್ಲಿ ಅದು ಭಾಜ್ಯದ ನೆತ್ತಿಯ ಮೇಲೆ ಕೂರುತ್ತದೆ. ಯಾವ ಅಂಕಿಯ ಮೇಲೆ ಯಾವುದು ಅನ್ನೋದು ಮುಖ್ಯ, ಅದಕ್ಕೆ ಚೌಕುಳಿ ಹಾಳೆಯಲ್ಲಿ ಅಭ್ಯಾಸ ಮಾಡಿ. ಒಂದು ಲಕ್ಷವನ್ನು 1,00,000 ಅಂತ ಬರೆದರೆ ಇಲ್ಲಿ ಒಪ್ಪುವುದಿಲ್ಲ, 100,000 ಅನ್ನಬೇಕು. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ನಮ್ಮ ಬಾಡ್‌ಮಾಸ್ ಇಲ್ಲಿ ಪೆಮ್ಡಾಸ್, ಅಂದರೆ ಯಾವ ಕ್ರಿಯೆ ಮೊದಲು ಅನ್ನೋ ಕ್ರಮ. ಅಕ್ಷರದ ಸಾಲು ನೋಡಿ ಮೋಸಹೋಗಬೇಡಿ. ಗುಣಾಕಾರ ಭಾಗಾಕಾರ ಎರಡೂ ಸಮ, ಕೂಡುವುದು ಕಳೆಯುವುದು ಎರಡೂ ಸಮ, ಎಡದಿಂದ ಬಲಕ್ಕೆ ಮಾಡುತ್ತ ಹೋಗಬೇಕು. 10 − 4 + 3 ಅಂದರೆ 9. ಕೂಡುವುದು ಮೊದಲು ಅಂತ 3 ಬರೆದರೆ ತಪ್ಪು.

ಮಗ್ಗಿಯನ್ನು ಮಾತ್ರ ಇಂಗ್ಲಿಷಿಗೆ ಬದಲಿಸೋಕೆ ಹೋಗಬೇಡಿ. "ಏಳೆಂಟ್ಲಿ ಐವತ್ತಾರು" ಅಂತ ಒಳಗೇ ಬರುವ ವೇಗಕ್ಕೆ ಬೇರೆ ಯಾವುದೂ ಸಾಟಿಯಿಲ್ಲ.

ಹೆಜ್ಜೆ 7: ಭಿನ್ನರಾಶಿಯಲ್ಲಿ ಕಾಲೂರಿ ನಿಲ್ಲಿ

ಕೋರ್ಸಿನಲ್ಲಿ ಪೂರ್ಣಸಂಖ್ಯೆ, ಭಿನ್ನರಾಶಿ, ದಶಮಾಂಶ, ಅನುಪಾತ, ಶೇಕಡಾ, ಅಳತೆ, ಸ್ವಲ್ಪ ಜ್ಯಾಮಿತಿ ಇರುತ್ತದೆ. ಜನ ಕೈಬಿಡುವುದು ಭಿನ್ನರಾಶಿಯಲ್ಲಿ. ಛೇದ ಸಮ ಮಾಡಬೇಕು ಅಂತ ಬಾಯಿಪಾಠ ಮಾಡಿರುತ್ತೇವೆ, ಯಾಕೆ ಅಂತ ಗೊತ್ತಿರುವುದಿಲ್ಲ.

ಅಮ್ಮನ ಅಡುಗೆಮನೆಯ ಅಳತೆ ನೆನಪು ಮಾಡಿಕೊಳ್ಳಿ. ಸೇರಿನಲ್ಲಿ ಅರ್ಧ ಅಚ್ಚೇರು, ಕಾಲು ಭಾಗ ಪಾವು, ಅದರ ಅರ್ಧ ಅರೆಪಾವು. ಒಂದು ಪಾವು ಅಕ್ಕಿ, ಒಂದು ಅರೆಪಾವು ಬೇಳೆ ಹಾಕಿದರೆ ಒಟ್ಟು ಎಷ್ಟು ಸೇರು? ¼ + ⅛. ಎರಡು ಬೇರೆ ಬೇರೆ ಅಳತೆ, ಹಾಗೇ ಕೂಡೋಕೆ ಆಗುವುದಿಲ್ಲ. ಪಾವನ್ನು ಅರೆಪಾವಿನಲ್ಲಿ ಅಳೆಯಿರಿ, ಎರಡು ಅರೆಪಾವು. ಬೇಳೆ ಒಂದು. ಒಟ್ಟು ಮೂರು ಅರೆಪಾವು, ಅಂದರೆ ⅜ ಸೇರು. ಛೇದ ಸಮ ಮಾಡುವುದು ಅಂದರೆ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಅಳೆಯುವುದು. ಇದು ತಲೆಗೆ ಹೊಕ್ಕ ದಿನ ನನಗೆ ಕಣ್ಣಲ್ಲಿ ನೀರೇ ಬಂತು. ಹೈಸ್ಕೂಲಿನ ಮೂರು ವರ್ಷ ಅರ್ಥವಾಗದೆ ಬರೆದಿದ್ದೆ.

ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. 5¼ − 2⅔. 4 ಮತ್ತು 3ರ ಲ.ಸಾ.ಅ. 12. ¼ ಅಂದರೆ 3/12, ⅔ ಅಂದರೆ 8/12. ಮೂರರಲ್ಲಿ ಎಂಟು ಹೋಗುವುದಿಲ್ಲ. ಪಕ್ಕದ 5ರಿಂದ ಒಂದನ್ನು ತನ್ನಿ. ಇಲ್ಲೇ ತಪ್ಪಾಗೋದು. ರೂಢಿಯಂತೆ ಹತ್ತು ಸೇರಿಸಿ 13 ಅಂತ ಬರೆದುಬಿಡುತ್ತೇವೆ. ಇಲ್ಲಿ ತಂದ ಒಂದು ಅಂದರೆ 12/12. ಆದ್ದರಿಂದ 3 + 12 = 15. ಈಗ 4 15/12ರಲ್ಲಿ 2 8/12 ಕಳೆದರೆ 2 7/12. ತಾಳೆ ನೋಡಿ: ಉತ್ತರಕ್ಕೆ 2⅔ ಕೂಡಿದರೆ 5¼ ಬರಬೇಕು.

ಶೇಕಡಾ ಲೆಕ್ಕಕ್ಕೆ ಅಂಗಡಿ ಬಿಲ್ಲು ಸಾಕು. 60 ಡಾಲರ್ ಶೂ, 20% ರಿಯಾಯಿತಿ. 60ರ 10% 6, ಹಾಗಾಗಿ 20% 12. ಉಳಿದದ್ದು 48. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನಂಥ ಊರುಗಳಲ್ಲಿ ಮಾರಾಟ ತೆರಿಗೆ 8.25%. 48 × 0.0825 = 3.96. ಒಟ್ಟು 51.96. 0.825 ಅಂತ ಬರೆದರೆ ತೆರಿಗೆ 39.60 ಆಗಿಬಿಡುತ್ತದೆ. 48ರ 10%ಗೇ 4.80, ಅದಕ್ಕಿಂತ ಕಡಿಮೆ ಬರಬೇಕು ಅಂತ ಮೊದಲೇ ಅಂದಾಜು ಇಟ್ಟುಕೊಂಡರೆ ಬಿಂದು ಜಾರಿದ್ದು ಅಲ್ಲೇ ಗೊತ್ತಾಗುತ್ತದೆ.

ಅಳತೆಯ ಭಾಗಕ್ಕೆ ಬಾಯಿಪಾಠವೇ ಗತಿ. 12 ಇಂಚು ಒಂದು ಅಡಿ, 3 ಅಡಿ ಒಂದು ಗಜ, 5,280 ಅಡಿ ಒಂದು ಮೈಲಿ, 16 ಔನ್ಸ್ ಒಂದು ಪೌಂಡ್, 4 ಕ್ವಾರ್ಟ್ ಒಂದು ಗ್ಯಾಲನ್.

ಹೆಜ್ಜೆ 8: ವಾರದ ಓದು

3 ಕ್ರೆಡಿಟ್ ಕ್ಲಾಸಿಗೆ ವಾರಕ್ಕೆ 3 ಗಂಟೆ ಪಾಠ, ಮನೆಯಲ್ಲಿ 6 ಗಂಟೆ ಅಭ್ಯಾಸ ಅಂತ ಲೆಕ್ಕ. ಭಾನುವಾರ ಒಂದೇ ಸಲ ಆರು ಗಂಟೆ ಕೂರಬೇಡಿ. ದಿನಕ್ಕೆ ಒಂದು ಗಂಟೆಯಂತೆ ಆರು ದಿನ ಮಾಡಿ. ಮಗನನ್ನು ಸ್ಕೂಲಿಗೆ ಬಿಟ್ಟು ಬಂದ ತಕ್ಷಣ, ಪಾತ್ರೆಗೆ ಕೈ ಹಾಕುವ ಮುಂಚೆ, ಅದು ನನ್ನ ಹೊತ್ತು. ಪಾತ್ರೆ ಮೊದಲು ಅಂದ ದಿನ ಲೆಕ್ಕ ಆಗುತ್ತಲೇ ಇರಲಿಲ್ಲ.

ತಪ್ಪಾದ ಲೆಕ್ಕವನ್ನು ಅಳಿಸಬೇಡಿ. ಪಕ್ಕದಲ್ಲೇ ಸರಿಯಾಗಿ ಬಿಡಿಸಿ, ಎಲ್ಲಿ ಜಾರಿತು ಅಂತ ಒಂದು ಸಾಲು ಬರೆಯಿರಿ. ಮೂರು ವಾರದ ಮೇಲೆ ಆ ಹಾಳೆಗಳನ್ನು ತಿರುವಿದಾಗ, ನನ್ನ ಅರ್ಧ ತಪ್ಪುಗಳು ಪಕ್ಕದ ಅಂಕಿಯಿಂದ ಸಾಲ ತರುವ ಒಂದೇ ಜಾಗದಲ್ಲಿ ಆಗುತ್ತಿದ್ದವು ಅಂತ ಗೊತ್ತಾಯಿತು.

ಟೀಚರ್‌ಗೆ ಆಫೀಸ್ ಅವರ್ಸ್ ಅಂತ ಸಮಯ ಇರುತ್ತದೆ. ಅದು ನಿಮಗಾಗಿಯೇ ಇಟ್ಟ ಹೊತ್ತು. ಮೇಷ್ಟ್ರನ್ನು ಹೋಗಿ ಕೇಳೋದು ಅಂದರೆ ನಮಗೆ ಸಂಕೋಚ, ದಡ್ಡರು ಅಂದುಕೊಂಡಾರು ಅಂತ. ಇಲ್ಲಿ ಕೇಳಲು ಬಂದವರನ್ನು ಶ್ರದ್ಧೆ ಇರುವವರು ಅಂತ ನೋಡುತ್ತಾರೆ. "ಅರ್ಥ ಆಗಲಿಲ್ಲ" ಅಂತಷ್ಟೇ ಹೇಳದೆ, ಬಿಡಿಸಿದ ಹಾಳೆ ತೋರಿಸಿ "ಈ ಸಾಲಿನವರೆಗೆ ಬಂದೆ, ಮುಂದೆ ಗೊತ್ತಾಗಲಿಲ್ಲ" ಅನ್ನಿ. ಟ್ಯೂಟರಿಂಗ್ ಸೆಂಟರ್ ಕೂಡ ಬಹುತೇಕ ಕಡೆ ಉಚಿತ.

ಹೆಜ್ಜೆ 9: ಎಡವಿದರೆ ತಾರೀಖು ನೋಡಿ

ಮೊದಲ ದಿನವೇ ಮೂರು ತಾರೀಖುಗಳನ್ನು ಫೋನಿನಲ್ಲಿ ಹಾಕಿಕೊಳ್ಳಿ. ಹಣ ವಾಪಸ್ ಸಿಗುವ ಕೊನೆ ದಿನ, ದಾಖಲೆಯಲ್ಲಿ ಗುರುತು ಉಳಿಯದಂತೆ ಕ್ಲಾಸ್ ಬಿಡುವ ಕೊನೆ ದಿನ, 'ಡಬ್ಲ್ಯೂ' (ವಿತ್‌ಡ್ರಾ, ಮಧ್ಯದಲ್ಲಿ ಬಿಟ್ಟರು ಅಂತ) ಗ್ರೇಡಿನೊಂದಿಗೆ ಬಿಡುವ ಕೊನೆ ದಿನ. ಟೆಕ್ಸಾಸ್‌ನ 16 ವಾರದ ಸೆಮಿಸ್ಟರಿನಲ್ಲಿ ಪಾಠ ನಡೆಯುವ ದಿನಗಳಲ್ಲಿ 12ನೆಯದೇ ವಿದ್ಯಾರ್ಥಿಗಳ ಎಣಿಕೆಯ ದಿನ, ಅದರೊಳಗೆ ಬಿಟ್ಟರೆ ದಾಖಲೆಯಲ್ಲಿ ಗುರುತು ಉಳಿಯುವುದಿಲ್ಲ. ಕ್ಲಾಸಿಗೆ ಹೋಗುವುದನ್ನು ಸುಮ್ನೆ ನಿಲ್ಲಿಸಿದರೆ ಬಿಟ್ಟಂತೆ ಆಗುವುದಿಲ್ಲ. ಪೋರ್ಟಲ್‌ನಲ್ಲಿ ನೀವೇ ಬಿಡಬೇಕು, ಇಲ್ಲವಾದರೆ ಎಫ್ ಬರಬಹುದು. ಊರಿಗೆ ತುರ್ತಾಗಿ ಹೋಗಬೇಕಾಗಿ ಬಂದರೆ ವಿಮಾನ ಹತ್ತುವ ಮುಂಚೆ ಟೀಚರ್‌ಗೆ ಒಂದು ಇಮೇಲ್ ಹಾಕಿ.

ಹೆಜ್ಜೆ 10: ಫೈನಲ್, ಆಮೇಲೆ ತಕ್ಷಣ ಮುಂದಿನದು

ಕೊನೆಯ ಎರಡು ವಾರ ಹೊಸ ಪುಸ್ತಕ ತೆರೆಯಬೇಡಿ. ಹಳೆಯ ಟೆಸ್ಟ್‌ಗಳನ್ನೇ ಬಿಳಿ ಹಾಳೆಯಲ್ಲಿ ಮತ್ತೆ ಬಿಡಿಸಿ. ಪರೀಕ್ಷೆಯಲ್ಲಿ ಕ್ಯಾಲ್ಕ್ಯುಲೇಟರ್ ಬಿಡುತ್ತಾರೋ ಇಲ್ಲವೋ ಅಂತ ಕೇಳಿಕೊಂಡು, ಬಿಡದಿದ್ದರೆ ಅಭ್ಯಾಸದಲ್ಲೂ ಮುಟ್ಟಬೇಡಿ.

ಮುಂದಿನ ಗಣಿತ ಕ್ಲಾಸಿಗೆ ನೋಂದಣಿ ಸಾಮಾನ್ಯವಾಗಿ ಈ ಸೆಮಿಸ್ಟರ್ ಮುಗಿಯುವ ಮೊದಲೇ ಶುರುವಾಗುತ್ತದೆ. ಫೈನಲ್‌ಗೆ ಕಾಯದೆ ಆಗಲೇ ಸೀಟು ಹಿಡಿದುಬಿಡಿ. ಒಂದು ಸೆಮಿಸ್ಟರ್ ಬಿಟ್ಟು ನೋಡೋಣ ಅಂದವರ ಕೈಯಿಂದ ಭಿನ್ನರಾಶಿ ಮತ್ತೆ ಜಾರುತ್ತದೆ. ನಾನು ಡಿಸೆಂಬರ್‌ನಲ್ಲಿ ಫೈನಲ್ ಬರೆದು ಜನವರಿಯಲ್ಲಿ ಪ್ರಿ-ಆಲ್ಜೀಬ್ರಾ ಕ್ಲಾಸಿನಲ್ಲಿ ಕೂತೆ. ಮೊದಲ ಪಾಠ ಋಣ ಸಂಖ್ಯೆಗಳದ್ದು. ಸಣ್ಣ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು 'ನೆಗೆಟಿವ್ 3' ಅಂತ ಬರೆದುಕೊಂಡೆ. 'ಮೈನಸ್ 3' ಅಂದರೂ ಅರ್ಥವಾಗುತ್ತದೆ, ಆದರೆ ಆ ಟೀಚರ್‌ಗೆ ಮೈನಸ್ ಅಂದರೆ ಕಳೆಯುವುದು ಮಾತ್ರ.